ಆಫೀಸ್ ಕುರ್ಚಿ: ಯಾವ ಲಿವರ್ ಯಾಕೆ, ಯಾವುದು ಮೊದಲು

ನಿಂತಾಗ ಸೊಂಟದ ಹತ್ತಿರ ಬೆನ್ನುಮೂಳೆ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಕೂತರೆ ಆ ಬಾಗು ಕಡಿಮೆಯಾಗುತ್ತದೆ. ತೊಡೆ ಮುಂದಕ್ಕೆ ಮಡಚಿದಾಗ ತೊಡೆಯ ಹಿಂಭಾಗದ ಸ್ನಾಯುಗಳು ಎಳೆದುಕೊಂಡು ಪೆಲ್ವಿಸ್ ಅಂದರೆ ಸೊಂಟದ ಕೆಳಗಿನ ಬಟ್ಟಲಿನಂಥ ಮೂಳೆಯನ್ನು ಹಿಂದಕ್ಕೆ ವಾಲಿಸುತ್ತವೆ. ಅದರ ಜೊತೆಗೇ ಬೆನ್ನಿನ ಕೆಳಭಾಗವೂ ಚಪ್ಪಟೆಯಾಗುತ್ತದೆ. ಅಮೆರಿಕದ ವೈದ್ಯ ಜೇ ಕೀಗನ್ 1953ರಲ್ಲೇ ಇದನ್ನು ಎಕ್ಸ್-ರೇಗಳಲ್ಲಿ ತೋರಿಸಿದ್ದರು. ಕುರ್ಚಿಯ ಪ್ರತಿ ಲಿವರ್ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಬೆನ್ನುಮೂಳೆಯ ಡಿಸ್ಕಿನೊಳಗೆ (ಎರಡು ಮೂಳೆಗಳ ನಡುವಿನ ಮೆತ್ತೆ) ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನ ಒತ್ತಡ 100 ಎಂದುಕೊಂಡರೆ, ಏನಕ್ಕೂ ಒರಗದೆ ಕೂತಾಗ ಸುಮಾರು 140 ಎಂಬುದು ಆಗ ಪ್ರಸಿದ್ಧವಾದ ಲೆಕ್ಕ. ಆದರೆ 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಮತ್ತೆ ಅಳೆದಾಗ ಇಷ್ಟು ವ್ಯತ್ಯಾಸ ಸಿಗಲಿಲ್ಲ. ಹಿಂದಕ್ಕೆ ಒರಗಿದರೆ ಒತ್ತಡ ಇಳಿಯುತ್ತದೆ ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಈಗ ಎತ್ತರ. ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಕುರ್ಚಿ ಇಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೇಜು ಏನು ಮಾಡುತ್ತದೆ? ಅದು ಸುಮಾರು 75 ಸೆಂ.ಮೀ. ಎತ್ತರದಲ್ಲಿ ಅಲ್ಲಾಡದೆ ನಿಂತಿರುತ್ತದೆ. ಗಿಡ್ಡ ಇರುವವರು ಪಾದದ ಲೆಕ್ಕದಲ್ಲಿ ಕುರ್ಚಿ ಇಳಿಸಿದರೆ ಮೊಣಕೈ ಮೇಜಿಗಿಂತ ಕೆಳಗೆ ಹೋಗುತ್ತದೆ. ಟೈಪ್ ಮಾಡಲು ಇಡೀ ದಿನ ಹೆಗಲು ಎತ್ತಿ ಹಿಡಿಯಬೇಕಾಗುತ್ತದೆ. ಸಂಜೆ ಹೊತ್ತಿಗೆ ಕತ್ತು ನೋಯುವುದು ಸಹಜ ಅಲ್ವಾ? ಹಾಗಾಗಿ ಮೇಜು ಬದಲಾಗದ ಕಡೆ ಮೊಣಕೈಯಿಂದ ಲೆಕ್ಕ ಹಿಡಿಯುವುದೇ ಸರಿ. ಹೆಗಲು ಸಡಿಲ ಬಿಟ್ಟು ಮೊಣಕೈ ಮೇಜಿನ ಮಟ್ಟಕ್ಕೆ ಬರುವವರೆಗೆ ಕುರ್ಚಿ ಏರಿಸಿ. ಆಮೇಲೆ ಪಾದದ ಕೆಳಗೆ ಒಂದು ಕಾಲುಮಣೆ ಇಡಿ. ಕಾಲು ನೇತಾಡಿದರೆ ಸೀಟಿನ ಅಂಚು ತೊಡೆಯನ್ನು ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ.

ಎತ್ತರ ಸರಿಹೊಂದಿದ ಮೇಲೆ ಸೀಟಿನ ಆಳ. ಬೆನ್ನು ಒರಗಿಗೆ ತಾಗಿರುವಾಗಲೇ ಸೀಟಿನ ಮುಂದಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಇರಬೇಕು. ಸೀಟು ಉದ್ದವಾದರೆ ನಾವು ಮುಂದೆ ಜಾರಿ ಕೂರುತ್ತೇವೆ. ಆಗ ಎಂಥ ಒಳ್ಳೆಯ ಒರಗು ಇದ್ದರೂ ಉಪಯೋಗವಿಲ್ಲ. ಕೆಲವು ಕುರ್ಚಿಗಳಲ್ಲಿ ಸೀಟು ಹಿಂದೆ ಮುಂದೆ ಜರುಗುತ್ತದೆ. 1994ರಲ್ಲಿ ಬಂದ ಹರ್ಮನ್ ಮಿಲ್ಲರ್‌ನ ಏರಾನ್ ಕುರ್ಚಿಯಲ್ಲಿ ಸೀಟು ಜರುಗುವುದಿಲ್ಲ, ಅದಕ್ಕೆ ಬದಲಾಗಿ ಕುರ್ಚಿಯನ್ನೇ ಮೂರು ಗಾತ್ರದಲ್ಲಿ ಮಾಡಿದರು. ಎರಡೂ ಇಲ್ಲದಿದ್ದರೆ ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಳ್ಳಿ. ಆ ದಿಂಬಾಗಲಿ, ಕುರ್ಚಿಯ ಸೊಂಟದ ಉಬ್ಬಾಗಲಿ ಸರಿಸುಮಾರು ಬೆಲ್ಟಿನ ಮಟ್ಟದಲ್ಲೋ ಸ್ವಲ್ಪ ಮೇಲೋ ಕೂರಬೇಕು.

ಕೈ ಇಡುವ ಆರ್ಮ್‌ರೆಸ್ಟನ್ನು ಜಾಸ್ತಿ ಜನ ಮರೆಯುತ್ತಾರೆ. ಎರಡೂ ತೋಳು ಸೇರಿ ಮೈತೂಕದ ಹತ್ತನೇ ಒಂದು ಭಾಗದಷ್ಟಿರುತ್ತವೆ. 60 ಕೆಜಿ ಇರುವವರಿಗೆ ಸುಮಾರು 6 ಕೆಜಿ. ಆಧಾರ ಇಲ್ಲದಿದ್ದರೆ ಅಷ್ಟನ್ನೂ ಹೆಗಲು ಹೊರಬೇಕು. ಆದರೆ ಆರ್ಮ್‌ರೆಸ್ಟ್ ಮೇಜಿಗೆ ತಗುಲಿ ಕುರ್ಚಿ ಒಳಗೆ ಹೋಗದಿದ್ದರೆ ಅದನ್ನು ಇಳಿಸಿಬಿಡಿ. ಮೇಜಿನಿಂದ ದೂರ ಕೂತು ಕೈ ಚಾಚುವುದು ಇನ್ನೂ ಕೆಟ್ಟದ್ದು.

ನನ್ನ ಪ್ರಕಾರ ಕುರ್ಚಿಯಲ್ಲಿ ಅತಿ ಮುಖ್ಯವಾದದ್ದು ಒರಗಿನ ಲಾಕ್. ಸುಮಾರು ಜನ ಅದನ್ನು ನೆಟ್ಟಗೆ ನಿಲ್ಲಿಸಿ, ಲಾಕ್ ಹಾಕಿ, ಮತ್ತೆ ಮುಟ್ಟುವುದೇ ಇಲ್ಲ. ಲಾಕ್ ತೆಗೆಯಿರಿ. ದೊಡ್ಡವರ ಡಿಸ್ಕಿನೊಳಗೆ ರಕ್ತನಾಳಗಳು ಹೆಚ್ಚುಕಮ್ಮಿ ಇರುವುದೇ ಇಲ್ಲ. ಪೋಷಣೆ ಅಕ್ಕಪಕ್ಕದ ಮೂಳೆಯಿಂದ ನಿಧಾನವಾಗಿ ಇಂಗಿ ಬರಬೇಕು, ಮೈ ಅಲುಗಾಡುತ್ತಿದ್ದರೆ ಅದಕ್ಕೆ ನೆರವಾಗುತ್ತದೆ ಎನ್ನುತ್ತಾರೆ. ಮೇಲಾಗಿ ಒಂದೇ ಭಂಗಿಯಲ್ಲಿ ಕೂತರೆ ಅದೇ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ. ಭಂಗಿ ಬದಲಾಗುತ್ತಿದ್ದರೆ ಭಾರವೂ ಜಾಗ ಬದಲಿಸುತ್ತದೆ. ಸಿಂಕ್ರೊ ಟಿಲ್ಟ್ ಇರುವ ಕುರ್ಚಿಯಲ್ಲಿ ಒರಗು ಸುಮಾರು ಎರಡು ಡಿಗ್ರಿ ಬಾಗಿದರೆ ಸೀಟು ಒಂದು ಡಿಗ್ರಿ ಬಾಗುತ್ತದೆ. ಇದರಿಂದ ತೊಡೆಗೂ ಬೆನ್ನಿಗೂ ನಡುವಿನ ಕೋನ ತೆರೆದುಕೊಳ್ಳುತ್ತದೆ, ಪಾದ ನೆಲ ಬಿಟ್ಟು ಮೇಲೇಳುವುದೂ ಕಡಿಮೆ.

ಒರಗಿದರೆ ಬಿದ್ದೇಹೋಗುವ ಹಾಗೆ ಅನ್ನಿಸಿದರೆ ಸೀಟಿನ ಕೆಳಗಿನ ದಪ್ಪ ತಿರುಗುಣಿ ಬಿಗಿ ಮಾಡಿ. ಒರಗಲು ಕಾಲಿನಿಂದ ತಳ್ಳಬೇಕಾಗಿ ಬಂದರೆ ಸಡಿಲಿಸಿ. ಇನ್ನೊಂದು ವಿಷಯ: ಒರಗಿದಾಗ ಕಣ್ಣು ಸ್ಕ್ರೀನಿನಿಂದ ದೂರವಾಗುತ್ತದೆ. ಅಕ್ಷರ ಕಾಣದಿದ್ದರೆ ಯಾರಾದರೂ ಮತ್ತೆ ಮುಂದೆ ಬಗ್ಗುತ್ತಾರೆ. ಮಾನಿಟರ್ ಸ್ವಲ್ಪ ಹತ್ತಿರ ಎಳೆದುಕೊಳ್ಳಿ, ಇಲ್ಲವೇ ಅಕ್ಷರ ದೊಡ್ಡದು ಮಾಡಿ.