‘ಹೇಗಿದೆ?’ ಅಂತ ಕೇಳಬೇಡಿ, ‘ಕಥೆ ಏನು?’ ಅಂತ ಕೇಳಿ

ವಾರಕ್ಕೆ ಹತ್ತು ಹನ್ನೆರಡು ಕಥೆಗಳಾದರೂ ನನ್ನ ಫೋನಿಗೆ ಬರುತ್ತವೆ. ಕಥೆ ತಿದ್ದುವುದು ನನ್ನ ಕೆಲಸ. ಮೊದಲು ಒಂದು ವಾರಪತ್ರಿಕೆಯಲ್ಲಿ ಮಾಡುತ್ತಿದ್ದೆ, ಈಗ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯುವವರಿಗೆ ಮಾಡಿಕೊಡುತ್ತೇನೆ. ಕಥೆಯ ಕೆಳಗೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ. ‘ಸರ್, ಹೇಗಿದೆ ಹೇಳಿ. ನೇರವಾಗಿ ಹೇಳಿ, ಬೇಜಾರಿಲ್ಲ.’ ನಾನು ನೇರವಾಗಿ ಹೇಳುತ್ತೇನೆ. ಎರಡೇ ನಿಮಿಷದಲ್ಲಿ ಉತ್ತರ ಬರುತ್ತದೆ. ‘ಇಲ್ಲ ಸರ್, ನೀವು ತಪ್ಪು ತಿಳ್ಕೊಂಡಿದ್ದೀರಿ, ನಾನು ಹೇಳೋಕೆ ಹೊರಟಿದ್ದು ಏನಂದ್ರೆ...’ ಅಂತ ಶುರುವಾಗಿ ಕಥೆಗಿಂತ ಉದ್ದದ ವಿವರಣೆ.

ಈ ‘ಇಲ್ಲ ಸರ್’ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಇದೊಂದರ ಬಗ್ಗೆಯೇ ಬರೆಯುತ್ತೇನೆ.

ಹೋದ ವರ್ಷ ಮಂಡ್ಯ ಕಡೆಯ ಒಬ್ಬ ಹೆಣ್ಣುಮಗಳು ಒಂದು ಕಥೆ ಕಳಿಸಿದರು. ಹೊಲಿಗೆ ಅಂಗಡಿ ಇಟ್ಟುಕೊಂಡವರು. ರಾತ್ರಿ ಅಂಗಡಿ ಮುಚ್ಚಿ, ಮನೆಯವರೆಲ್ಲ ಮಲಗಿದ ಮೇಲೆ ಫೋನಿನಲ್ಲೇ ಟೈಪ್ ಮಾಡುತ್ತಾರೆ. ಇಂಥವರು ಬರೆದದ್ದನ್ನು ಓದುವಾಗ ನನಗೆ ಮನಸ್ಸು ತುಂಬಿ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯೂ ಚೆನ್ನಾಗಿತ್ತು. ಒಬ್ಬಳು ಹುಡುಗಿ ಜಗಲಿಯ ಮೇಲೆ ಕೂತು ಕಾಯುತ್ತಾಳೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಾವ ಮೂರು ವರ್ಷವಾದರೂ ಬಂದಿಲ್ಲ. ಅವನ ಒಂದು ಅಂಗಿಯನ್ನು ಒಗೆಯದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಅಷ್ಟೇ ಕಥೆ.

ಅವರ ಒಪ್ಪಿಗೆ ಕೇಳಿ ಇದನ್ನು ನನಗೆ ಗೊತ್ತಿರುವ ಮೂವರು ಓದುಗರಿಗೆ ಕಳಿಸಿದೆ. ಚಾಮರಾಜನಗರದವರು ಕಣ್ಣೀರು ಹಾಕಿದರು. ಶಿರಸಿಯವರು ಮತ್ತು ಕುಂದಾಪುರದವರು ಇಬ್ಬರೂ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು, ಹೆಚ್ಚುಕಡಿಮೆ ಒಂದೇ ಮಾತು ಬರೆದರು. ಗಂಡನ ಅಪ್ಪನ ಮೇಲೆ ಸೊಸೆಗೆ ಇಂಥಾ ಆಸೆಯಾ, ಓದಿ ಕಸಿವಿಸಿ ಆಯಿತು ಅಂತ.

ಲೇಖಕಿಗೆ ಸಿಟ್ಟು ಬಂತು. ‘ನಮ್ಮ ಕಡೆ ಗಂಡನ್ನ ಮಾವ ಅಂತಾನೇ ಕರೆಯೋದು ಸರ್. ಅವ್ವನ ತಮ್ಮನ್ನೇ ಮದುವೆ ಆಗೋದು ಹೊಸದಾ? ಅಷ್ಟೂ ಗೊತ್ತಿಲ್ಲದೋರು ಯಾಕೆ ಕಥೆ ಓದ್ಬೇಕು?’ ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆ ಪದವೂ ಸರಿ, ಆ ಹುಡುಗಿಯ ಬಾಯಲ್ಲಿ ಬೇರೆ ಪದ ಬರುವುದೂ ಇಲ್ಲ. ಆದರೂ ಇಬ್ಬರು ಓದುಗರು ಬೇರೆಯೇ ಒಂದು ಕಥೆ ಓದಿದ್ದರು. ‘ಆ ಇಬ್ಬರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ, ನಂಬರ್ ಕೊಡಿ’ ಅಂದರು. ನಾನು ಕೊಡಲಿಲ್ಲ. ಆಮೇಲೆ ಎರಡು ತಿಂಗಳು ಅವರ ಸುದ್ದಿಯೇ ಇರಲಿಲ್ಲ.

ನಾನು ಹೇಳುತ್ತಿರುವುದು ಇಷ್ಟೇ. ಒಬ್ಬರಿಗೆ ನಿಮ್ಮ ಕಥೆ ಹೇಗೆ ಅರ್ಥವಾಯಿತು ಎನ್ನುವುದು ಚರ್ಚೆಗೆ ಬಿಟ್ಟ ವಿಷಯ ಅಲ್ಲ. ಅದು ಆಗಿಹೋದ ಘಟನೆ. ಮಳೆ ಬಂತು ಅಂತ ಯಾರೋ ಹೇಳಿದರೆ ‘ಇಲ್ಲ, ಬರಬಾರದಿತ್ತು’ ಅಂತ ವಾದ ಮಾಡುತ್ತೀರಾ? ಬಟ್ಟೆ ಒಳಗೆ ತೆಗೆಯುತ್ತೀರಿ, ಅಲ್ವಾ? ‘ಕಥೆ ಕೆಟ್ಟದಾಗಿದೆ’ ಅಂತ ಓದುಗರು ಹೇಳಿದರೆ ಅದು ಅವರ ಅಭಿಪ್ರಾಯ, ನೀವು ಒಪ್ಪದಿರಬಹುದು, ಎಷ್ಟೋ ಸಲ ಒಪ್ಪಬಾರದು ಕೂಡ. ಆದರೆ ‘ನಾನು ಅವನನ್ನು ಅವಳ ಗಂಡನ ಅಪ್ಪ ಅಂದುಕೊಂಡೆ’ ಅಂದಾಗ ಅಲ್ಲಿ ಒಪ್ಪುವುದು ಬಿಡುವುದು ಏನೂ ಇಲ್ಲ. ಅವರು ಹಾಗೆ ಅಂದುಕೊಂಡರು, ಮುಗಿಯಿತು. ಇನ್ನು ಮುಂದೆ ಓದುವವರೂ ಹಾಗೆ ಅಂದುಕೊಳ್ಳಬೇಕಾ ಬೇಡವಾ ಎನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ, ಅದನ್ನು ಮಾಡುವ ಜಾಗ ಕಥೆಯ ಒಳಗೇ ಇದೆ, ಫೋನಿನಲ್ಲಿ ಇಲ್ಲ. ಒಬ್ಬರಿಗೆ ಫೋನ್ ಮಾಡಿ ಹೇಳಬಹುದು. ಬೀದರ್‌ನಲ್ಲಿ, ಮುಂಬೈಯಲ್ಲಿ, ದುಬೈಯಲ್ಲಿ ಕೂತು ರಾತ್ರಿ ಓದುವವರಿಗೆಲ್ಲ ಯಾರು ಹೇಳುತ್ತಾರೆ?

ಹರಿಕಥೆ ದಾಸರಿಗೆ ಈ ಕಷ್ಟ ಇಲ್ಲ. ಎದುರಿಗೆ ಕೂತವರ ಮುಖ ಕಾಣುತ್ತದೆ. ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ಹೊರಟರೆ ಉಪಕಥೆಯನ್ನು ಅಲ್ಲಿಗೇ ಮೊಟಕು ಮಾಡುತ್ತಾರೆ, ಕಣ್ಣು ಒದ್ದೆಯಾದದ್ದು ಕಂಡರೆ ಇನ್ನೊಂದು ಪದ ಎಳೆದು ಹಾಡುತ್ತಾರೆ. ತಾಳಮದ್ದಲೆಯ ಅರ್ಥಧಾರಿಗಳೂ ಹಾಗೇ, ಸಭೆ ನೋಡಿಕೊಂಡೇ ಮಾತು ಬೆಳೆಸುವುದು. ಅಜ್ಜಿ ಕಥೆ ಹೇಳುವಾಗ ಮಗು ‘ಹೂಂ’ ಅನ್ನುವುದು ನಿಂತರೆ ನಿದ್ದೆ ಬಂತು ಅಂತ ಗೊತ್ತಾಗುತ್ತದೆ. ಬರೆಯುವವರಿಗೆ ಈ ‘ಹೂಂ’ ಕೇಳಿಸುವುದಿಲ್ಲ. ಓದುಗರ ಪ್ರತಿಕ್ರಿಯೆ ಅಂದರೆ ತಡವಾಗಿ ಬಂದ ‘ಹೂಂ’ ಅಷ್ಟೇ. ಅದು ಕೇಳಿದ ಕೂಡಲೇ ಜಗಳಕ್ಕೆ ನಿಲ್ಲುತ್ತೀರಲ್ಲ, ಅದೇ ನನಗೆ ಬೇಸರ.

ನೀವು ಕೇಳುವ ಪ್ರಶ್ನೆಯಲ್ಲೇ ಅರ್ಧ ತಪ್ಪಿದೆ. ‘ಹೇಗಿದೆ?’ ಅಂತ ಕೇಳಿದರೆ ಕನ್ನಡದ ಒಳ್ಳೆಯ ಜನ ‘ಚೆನ್ನಾಗಿದೆ’ ಅಂತಲೇ ಹೇಳುತ್ತಾರೆ. ಊಟಕ್ಕೆ ಕರೆದವರಿಗೆ ಸಾರು ಉಪ್ಪಾಗಿದೆ ಅಂತ ಯಾರು ಹೇಳುತ್ತಾರೆ? ಅದರ ಬದಲು ‘ಕಥೆ ಏನು ಅಂತ ನಿಮ್ಮ ಮಾತಲ್ಲಿ ಒಂದು ಸಲ ಹೇಳಿ’ ಅನ್ನಿ. ಅವರು ಹೇಳುತ್ತಾರೆ. ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ತಪ್ಪಾಗಿ ಹೇಳುತ್ತಾರೆ. ನೀವು ಮೂರು ದಿನ ಕೂತು ಬರೆದ ಆಸ್ಪತ್ರೆಯ ದೃಶ್ಯವನ್ನು ಪೂರ್ತಿ ಬಿಟ್ಟೇ ಬಿಡುತ್ತಾರೆ, ನೀವು ಸುಮ್ನೆ ಬರೆದ ನಾಯಿಯ ಬಗ್ಗೆ ಐದು ನಿಮಿಷ ಮಾತಾಡುತ್ತಾರೆ. ಬಾಯಿ ಮುಚ್ಚಿಕೊಂಡು ಕೇಳಿ. ತಿದ್ದಬೇಡಿ, ನೆನಪಿಸಬೇಡಿ, ‘ಆಸ್ಪತ್ರೆ ದೃಶ್ಯ ಇತ್ತಲ್ಲ’ ಅನ್ನಬೇಡಿ. ಅವರ ನೆನಪಿನಲ್ಲಿ ಉಳಿಯದೆ ಹೋದದ್ದೂ ಒಂದು ಉತ್ತರವೇ.

ಮನೆಯವರಿಗೆ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಓದಲಿ, ಖುಷಿಪಡಲಿ. ಆದರೆ ಅವರು ಕಥೆಯ ಜೊತೆಗೆ ನಿಮ್ಮನ್ನೂ ಓದುತ್ತಾರೆ, ಕಥೆಯಲ್ಲಿ ಬಿಟ್ಟುಹೋದದ್ದನ್ನು ನಿಮ್ಮ ಬಗ್ಗೆ ಗೊತ್ತಿರುವುದರಿಂದ ತುಂಬಿಕೊಳ್ಳುತ್ತಾರೆ. ಆ ಮಂಡ್ಯದ ಕಥೆಯನ್ನು ಅವರ ಅಕ್ಕ, ನಾದಿನಿ, ಪಕ್ಕದ ಮನೆಯವರು ಎಲ್ಲರೂ ಓದಿದ್ದರಂತೆ. ಒಬ್ಬರಿಗೂ ‘ಮಾವ’ ಯಾರು ಎಂಬ ಅನುಮಾನ ಬಂದಿರಲಿಲ್ಲ. ಹೇಗೆ ಬಂದೀತು?

ಇನ್ನೊಂದು ಬಗೆಯ ಓದುಗರಿದ್ದಾರೆ, ಅವರು ಸಿಕ್ಕಿದರೆ ಬಿಡಬೇಡಿ. ಬೆಂಗಳೂರಿನ ಒಬ್ಬ ಹುಡುಗ ಮಲೆನಾಡಿನ ಕಥೆ ಬರೆದಿದ್ದ. ಜೂನ್ ತಿಂಗಳ ಜಡಿಮಳೆ, ತೋಟದಲ್ಲಿ ಅಡಿಕೆ ಗೊನೆ ಕೊಯ್ಲು, ಅಪ್ಪ ಮಗನ ಮನಸ್ತಾಪ. ತೀರ್ಥಹಳ್ಳಿಯ ಓದುಗರೊಬ್ಬರು ಬರೆದರು. ‘ತಮ್ಮಾ, ಜೂನಿನಲ್ಲಿ ನಮ್ಮಲ್ಲಿ ಕೊಯ್ಲು ಎಲ್ಲಿಂದ ಬಂತು? ಆಗಿನ್ನೂ ಕಾಯಿ ಎಳಸು. ಕೊಳೆರೋಗ ಬರಬಾರದು ಅಂತ ಮಳೆ ಬಿಡುವು ಕೊಟ್ಟಾಗ ಬೋರ್ಡೋ ಔಷಧಿ ಹೊಡೆಸೋದೇ ಕೆಲಸ.’ ಹುಡುಗ ಮೊದಲು ‘ಅದೇನು ದೊಡ್ಡ ವಿಷಯ ಸರ್, ಕಥೆ ಅಪ್ಪ ಮಗನದ್ದು’ ಅಂದ. ಆಮೇಲೆ ಅವರಿಗೇ ಫೋನ್ ಮಾಡಿ, ತನ್ನ ಕಥೆ ವಿವರಿಸದೆ, ಬೋರ್ಡೋ ಬಗ್ಗೆ ಕೇಳಿದ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಮರ ಹತ್ತುವವರು ಸಿಗುವುದು ಕಷ್ಟ, ಮಳೆ ಬಿಡುವು ಕೊಡುವುದು ಇನ್ನೂ ಕಷ್ಟ. ಈಗ ಆ ಕಥೆಯಲ್ಲಿ ಅಪ್ಪ ಮಳೆ ನಿಲ್ಲುವುದನ್ನು ಕಾಯುತ್ತಾ ಅಂಗಳದಲ್ಲಿ ನಿಂತಿದ್ದಾನೆ, ಅಂಗಿಯ ಮೇಲೆಲ್ಲ ನೀಲಿ ಕಲೆ, ಮಗ ಊರು ಬಿಟ್ಟು ಹೊರಟಿದ್ದಾನೆ. ಆ ನೀಲಿ ಕಲೆ ಹುಡುಗನ ತಲೆಯಲ್ಲಿ ಹುಟ್ಟಿದ್ದಲ್ಲ.

ಆಂಡಿ ವೀರ್ ಎಂಬ ಅಮೆರಿಕದ ಪ್ರೋಗ್ರಾಮರ್ ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಕಾದಂಬರಿಯನ್ನು ಹೀಗೆಯೇ ತನ್ನ ಸ್ವಂತ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಿದ್ದ. ರಸಾಯನಶಾಸ್ತ್ರ ಓದಿದವರು ತಪ್ಪು ಹಿಡಿದು ಬರೆದರೆ ಹಿಂದಕ್ಕೆ ಹೋಗಿ ತಿದ್ದುತ್ತಿದ್ದ. 2011ರಲ್ಲಿ ಅದನ್ನು ತಾನೇ ಇ-ಪುಸ್ತಕ ಮಾಡಿದ, 2015ರಲ್ಲಿ ಅದು ಸಿನಿಮಾ ಆಯಿತು. ನಿಮ್ಮದೂ ಸಿನಿಮಾ ಆಗುತ್ತದೆ ಅಂತ ಹೇಳುತ್ತಿಲ್ಲ. ಆತ ಹಿಂದಕ್ಕೆ ಹೋಗಿ ತಿದ್ದಿದ, ಅದನ್ನು ನೋಡಿ.

ಎಚ್ಚರಿಕೆಯ ಎರಡು ಮಾತು ಹೇಳಲೇಬೇಕು. ಹೇಳಿದ್ದನ್ನೆಲ್ಲ ಕೇಳಿ ತಿದ್ದುತ್ತಾ ಹೋದರೆ ಕಥೆ ಉಳಿಯುವುದಿಲ್ಲ. ಒಬ್ಬರಿಗೆ ಮಾತ್ರ ಅರ್ಥವಾಗದಿದ್ದರೆ ನಾನು ಸಾಮಾನ್ಯವಾಗಿ ಹಾಗೇ ಬಿಡಿ ಅನ್ನುತ್ತೇನೆ, ಬೇರೆ ಬೇರೆ ಕಡೆಯವರು ಒಂದೇ ಜಾಗದಲ್ಲಿ ಎಡವಿದರೆ ಮಾತ್ರ ಆ ಜಾಗವನ್ನು ಮತ್ತೆ ನೋಡಿ ಅನ್ನುತ್ತೇನೆ. ಧಾರಾವಾಹಿ ಬರೆಯುವವರಿಗೆ ‘ಅವಳನ್ನು ಸಾಯಿಸಬೇಡಿ, ಅವರಿಬ್ಬರನ್ನೂ ಒಂದು ಮಾಡಿ’ ಅಂತ ಬರುತ್ತದಲ್ಲ, ಅದು ಪ್ರೀತಿ. ಇಟ್ಟುಕೊಳ್ಳಿ, ಆದರೆ ಕಥೆ ನಿಮ್ಮದು. ಇನ್ನು ಹೆಣ್ಣುಮಕ್ಕಳು ಒಂದು ಮುತ್ತಿನ ದೃಶ್ಯ ಬರೆದರೆ ಸಾಕು, ಅವರ ಇನ್‌ಬಾಕ್ಸ್‌ಗೆ ಬರುವ ಮಾತುಗಳನ್ನು ನಾನು ನೋಡಿದ್ದೇನೆ. ಅದು ಪ್ರತಿಕ್ರಿಯೆ ಅಲ್ಲ, ಅದಕ್ಕೆ ಈ ಅಂಕಣದ ಯಾವ ಮಾತೂ ಅನ್ವಯಿಸುವುದಿಲ್ಲ. ಬ್ಲಾಕ್ ಮಾಡಿ, ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ಎರಡು ತಿಂಗಳಾದ ಮೇಲೆ ಮಂಡ್ಯದಿಂದ ಅದೇ ಕಥೆ ಮತ್ತೆ ಬಂತು. ‘ಮಾವ’ ಹಾಗೇ ಇದ್ದ. ‘ರೀ’ ಅಂತ ಬದಲಾಯಿಸಿಬಿಟ್ಟಿರುತ್ತಾರೇನೋ ಅಂತ ನನಗೆ ಭಯ ಇತ್ತು. ಮೊದಲ ಪುಟದಲ್ಲಿ ಒಂದೇ ಒಂದು ಸಾಲು ಹೊಸದಾಗಿ ಸೇರಿತ್ತು. ‘ತೊಟ್ಟಿಲು ತೂಗಿದ ಕೈಯೇ ತಾಳಿಯನ್ನೂ ಕಟ್ಟಿತ್ತು.’

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಕಥೆಯನ್ನು ಹೊಸಬರೊಬ್ಬರಿಗೆ ಕಳಿಸಿದೆ, ಅವರೂ ಶಿರಸಿ ಕಡೆಯವರೇ. ಕಥೆ ಏನು ಹೇಳಿ ಅಂದೆ. ‘ಸೋದರಮಾವನನ್ನೇ ಮದುವೆಯಾದ ಹುಡುಗಿ. ಅವನು ಹೋದ ಮೇಲೆ ಅವಳಿಗೆ ಗಂಡನೂ ಇಲ್ಲ, ಸಾಕಿದವನೂ ಇಲ್ಲ. ಯಾರಿಗೋಸ್ಕರ ಅಳಬೇಕು ಅಂತ ಅವಳಿಗೇ ಗೊತ್ತಿಲ್ಲ’ ಅಂದರು. ಅದನ್ನು ಹಾಗೇ ಲೇಖಕಿಗೆ ಕಳಿಸಿದೆ. ಈ ಸಲ ‘ಇಲ್ಲ ಸರ್’ ಬರಲಿಲ್ಲ. ‘ಕೊನೆಯದು ನಾನು ಅಂದುಕೊಂಡೇ ಇರಲಿಲ್ಲ ಸರ್. ಆದ್ರೆ ಹೌದು’ ಅಂತ ಬಂತು.