ರೋಗಿಯನ್ನು ಎತ್ತದಿದ್ದರೆ ಫುಲ್ ಮಾರ್ಕ್ಸ್

‘ಬೆನ್ನು ನೇರ ಇರಲಿ, ಮಂಡಿ ಬಗ್ಗಿಸಿ ಎತ್ತಿ.’ ನರ್ಸುಗಳಿಗೆ, ವಾರ್ಡ್ ಬಾಯ್‌ಗಳಿಗೆ ಇದನ್ನು ಹೇಳಿ ಹೇಳಿ ಸವೆಸಿದ್ದೇವೆ. ಪೆಟ್ಟಿಗೆ ಎತ್ತುವವರಿಗೆ ಈ ಮಾತು ಸರಿ. ಆದರೆ ರೋಗಿಗೆ ಹಿಡಿಕೆ ಇರೋದಿಲ್ಲ, ಮಧ್ಯೆ ಮಂಚ ಬೇರೆ ಅಡ್ಡ. ಮಂಡಿ ಎಷ್ಟೇ ಬಗ್ಗಿಸಿದರೂ ಕೈ ಮುಂದಕ್ಕೆ ಚಾಚಲೇಬೇಕು.

ಬೆನ್ನು ಸೋಲುವುದು ಈ ಚಾಚುವಿಕೆಗೆ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಆರಾಮಾಗಿ ನಡೆಯಬಹುದು. ಅದನ್ನೇ ಕೈಚಾಚಿ ಹಿಡಿದು ನಾಲ್ಕು ಹೆಜ್ಜೆ ಹಾಕಿ ನೋಡಿ! ಬೆನ್ನಿನ ಸ್ನಾಯುಗಳು ಡಿಸ್ಕಿನಿಂದ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಿಂದ, ಸುಮಾರು 5 ಸೆಂ.ಮೀ. ಹಿಂದಿವೆ. 10 ಕಿಲೋ ಭಾರ 50 ಸೆಂ.ಮೀ. ಮುಂದಿದ್ದರೆ ಅವು ಸುಮಾರು 100 ಕಿಲೋದಷ್ಟು ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಡಿಸ್ಕನ್ನೇ ಹಿಂಡುತ್ತದೆ. ಬಗ್ಗಿದ ಮೈಯ ಭಾರವನ್ನು ಇನ್ನೂ ಸೇರಿಸಿಲ್ಲ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವವರ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದರು. ಅದಕ್ಕೆ ಒಪ್ಪಿಕೊಂಡವರ ಧೈರ್ಯ ನೋಡಿ!

ಬೆನ್ನು ಎಷ್ಟು ಬಾಗಿತು ಎಂದು ನೋಡಲು ಸೂಜಿ ಬೇಡ, ಕ್ಯಾಮೆರಾ ಸಾಕು. 2010ರಲ್ಲಿ ಬಂದ ಕಿನೆಕ್ಟ್ ಎಂಬ ಆಟದ ಕ್ಯಾಮೆರಾ ಮೈಯ 20 ಬಿಂದುಗಳನ್ನು ಸೆಕೆಂಡಿಗೆ 30 ಸಲ ಗುರುತಿಸುತ್ತಿತ್ತು. ಇಂಥ ಕ್ಯಾಮೆರಾ ಇಟ್ಟು ತರಬೇತಿಯ ಆಟ ಕಟ್ಟಬಹುದು. ಬೆನ್ನು ಜಾಸ್ತಿ ಬಾಗಿದ ಕ್ಷಣವೇ ಪರದೆ ಕೆಂಪಾಗುತ್ತದೆ. ಭಾಷಣ ಕೇಳಿ ಮೈ ಕಲಿಯುವುದಿಲ್ಲ. ತಪ್ಪು ತಕ್ಷಣ ಗೊತ್ತಾದರೆ ಕಲಿಯುತ್ತದೆ.

ಆದರೆ ಆಟ ಬಂದಾಕ್ಷಣ ರೋಗಿ ಹಗುರ ಆಗ್ತಾರಾ? ಎತ್ತುವ ತರಬೇತಿ ಬೆನ್ನುನೋವು ತಡೆಯುತ್ತದೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆಯೊಂದು ಹೇಳಿತು. ಅಮೆರಿಕದ ಓಹಾಯೋದ ಸಂಶೋಧಕ ವಿಲಿಯಂ ಮಾರಸ್ ತಂಡ ಅದಕ್ಕೂ ಮೊದಲೇ, 1999ರಲ್ಲಿ, ಇಬ್ಬರು ಸೇರಿ ಎತ್ತಿದರೂ ಬೆನ್ನಿಗೆ ಅಪಾಯ ತಪ್ಪದು ಎಂದು ತೋರಿಸಿತ್ತು. ಕೈಯಿಂದ ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿನ ಭಾರ 16 ಕಿಲೋ ಮೀರಬಾರದು ಎಂಬುದು ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಕೊಟ್ಟ ಸಲಹೆ. ದೊಡ್ಡವರು ಯಾರು ಇದರೊಳಗೆ ಬರ್ತಾರೆ?

ಹಾಗಾಗಿ ಚೆಂದವಾಗಿ ಎತ್ತಿದವರಿಗೆ ಅಂಕ ಕೊಡುವ ಆಟ ನನಗೆ ಇಷ್ಟವಿಲ್ಲ. ಬಗ್ಗುವುದು ತಪ್ಪಲೆಂದು ಮಂಚ ಏರಿಸಿದರೆ ಅಂಕ ಕೊಡಲಿ. ‘ನೀವೇ ಸ್ವಲ್ಪ ಹೊರಳ್ತೀರಾ?’ ಎಂದು ರೋಗಿಯನ್ನು ಕೇಳಿದರೂ ಕೊಡಲಿ. ರೋಗಿಯನ್ನು ಎತ್ತದೆ ಸರಿಸಲು ಕೆಳಗೆ ಜಾರು ಹಾಳೆ ಹಾಸಿದರೆ, ಎತ್ತುವ ಯಂತ್ರ ತರಿಸಿದರೆ ಇನ್ನೂ ಹೆಚ್ಚು. ಯಂತ್ರವೇ ಇಲ್ಲದ, ಮಂಚ ಏರದ ವಾರ್ಡ್ ಕೂಡ ಆಟದಲ್ಲಿರಲಿ. ಅಲ್ಲಿ ಒಬ್ಬರೇ ಎತ್ತಲು ಹೋದವರ ಆಟ ಅಲ್ಲಿಗೇ ಮುಗಿಯಲಿ.