ಏಳು ಮಿಲಿಸೆಕೆಂಡಿನ ಬಾಗಿಲು

ಹಳೆಯ ರೇಸ್ ಬೈಕಿನ ಎಂಜಿನ್ ಬಿಚ್ಚಿ ಕೂತವರಿಗೆ ಮೊದಲು ಹುಟ್ಟುವ ಆಸೆ, ಇನ್ನೂ ದೊಡ್ಡ ವಾಲ್ವ್ ಹಾಕಿಬಿಡೋಣ ಅನ್ನೋದು. ವಾಲ್ವ್ ಅಂದರೆ ಸಿಲಿಂಡರಿನ ಬಾಗಿಲು. ಬಾಗಿಲು ದೊಡ್ಡದಾದರೆ ಗಾಳಿ ಜಾಸ್ತಿ ಬರುತ್ತೆ, ಅಲ್ವಾ? ಬರುತ್ತೆ ನಿಜ. ಆದರೆ ಆ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಲೂಬೇಕು. ಕಷ್ಟ ಇರುವುದು ಅಲ್ಲೇ.

ಮ್ಯಾಂಕ್ಸ್ ನಾರ್ಟನ್ ತೆಗೆದುಕೊಳ್ಳಿ. ಐಲ್ ಆಫ್ ಮ್ಯಾನ್ ದ್ವೀಪದ ರೇಸುಗಳಲ್ಲಿ ಹೆಸರು ಮಾಡಿದ, ಒಂದೇ ಸಿಲಿಂಡರಿನ 500 ಸಿಸಿ ಬ್ರಿಟಿಷ್ ಬೈಕು. ಅದರ ಎಂಜಿನ್ ನಿಮಿಷಕ್ಕೆ 7200 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ವಾಲ್ವನ್ನು ತಳ್ಳಿ ತೆರೆಯುವ ಉಬ್ಬಿನ ಚಕ್ರ, ಅಂದರೆ ಕ್ಯಾಮ್, ತಿರುಗುವುದು ಅದರ ಅರ್ಧ ವೇಗದಲ್ಲಿ. ಹಾಗಾಗಿ ಪ್ರತಿ ವಾಲ್ವ್ ಸೆಕೆಂಡಿಗೆ 60 ಸಲ ತೆರೆದು ಮುಚ್ಚಬೇಕು. ಪಿಸ್ಟನ್ ತಿರುಗಿಸುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, 300 ಡಿಗ್ರಿ ತಿರುಗುವ ತನಕ ವಾಲ್ವನ್ನು ತೆರೆದಿಡುವ ರೇಸ್ ಕ್ಯಾಮ್ ಹಾಕಿದರೂ ಸಿಗುವುದು ಸುಮಾರು 7 ಮಿಲಿಸೆಕೆಂಡು. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು.

ಗಾಳಿ ಒಳಗೆ ನುಗ್ಗುವುದು ವಾಲ್ವಿನ ಅಂಚಿನ ಸುತ್ತಲಿನ ಸಂದಿಯಿಂದ. ವಾಲ್ವ್ ತಾನು ಕೂರುವ ಜಾಗದಿಂದ ತನ್ನ ವ್ಯಾಸದ ಕಾಲು ಭಾಗ ಸರಿದರೆ ಆ ಸಂದಿ, ವಾಲ್ವಿನ ಅಗಲದ ರಂಧ್ರಕ್ಕೇ ಸಮವಾಗುತ್ತದೆ. 40 ಮಿ.ಮೀ. ವಾಲ್ವಿಗೆ 10 ಮಿ.ಮೀ. ಸಾಕು. ವಾಲ್ವ್ ದೊಡ್ಡದಾದಷ್ಟೂ ಸರಿಯುವ ದೂರವೂ ಹೆಚ್ಚಬೇಕು, ತೂಕವೂ ಹೆಚ್ಚುತ್ತದೆ. ಸಮಯ ಮಾತ್ರ ಅಷ್ಟೇ.

ತೆರೆದ ವಾಲ್ವನ್ನು ವಾಪಸ್ ಎಳೆದು ಮುಚ್ಚುವುದು ಸ್ಪ್ರಿಂಗ್. ವೇಗ 6000ದಿಂದ 7200ಕ್ಕೆ, ಅಂದರೆ ಶೇ. 20 ಏರಿದರೆ ಬೇಕಾದ ಬಲ ಶೇ. 44 ಏರುತ್ತದೆ. ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮಿನ ಹಿಡಿತ ತಪ್ಪಿ ತೇಲುತ್ತದೆ. ಕೆಳಗಿನಿಂದ ಪಿಸ್ಟನ್ ಬಂದು ಬಡಿಯುತ್ತದೆ. ನಾರ್ಟನ್‌ನವರು ಹೇರ್‌ಪಿನ್ ಆಕಾರದ ಸ್ಪ್ರಿಂಗ್ ಹಾಕಿ, ಅದನ್ನು ಗಾಳಿಗೆ ತೆರೆದೇ ಬಿಟ್ಟಿದ್ದರು. ತಂಪಾಗಿರುತ್ತಿತ್ತು. ನನಗಂತೂ ಆ ಎಂಜಿನ್ನಿನ ಅತಿ ಚೆಂದದ ಭಾಗ ಅದೇ.

ಇಟಲಿಯ ಬೈಕ್ ಕಂಪನಿ ಡುಕಾಟಿಯ ಎಂಜಿನಿಯರ್ ಫಾಬಿಯೋ ತಾಲಿಯೋನಿ ಸ್ಪ್ರಿಂಗನ್ನು ನೆಚ್ಚಿಕೊಳ್ಳಲೇ ಇಲ್ಲ. ಮುಚ್ಚುವುದಕ್ಕೂ ಬೇರೆ ಕ್ಯಾಮ್ ಇಟ್ಟರು. ಈ ಏರ್ಪಾಟಿಗೆ ಡೆಸ್ಮೋ ಅಂತ ಹೆಸರು. ಅವರ 125 ಸಿಸಿ ಡೆಸ್ಮೋ 1956ರಲ್ಲಿ ಸ್ವೀಡನ್ನಿನ ಹೆಡೆಮೋರಾದಲ್ಲಿ ಮೊದಲ ರೇಸಿನಲ್ಲೇ ಗೆದ್ದಿತು.

ಕ್ಯಾಮ್ ಆರಿಸುವಾಗ ಇನ್ನೊಂದು ವಿಷಯ ಇದೆ. ರೇಸ್ ಕ್ಯಾಮಿನಲ್ಲಿ ಗಾಳಿ ಒಳಬರುವ ಇನ್‌ಲೆಟ್, ಹೊಗೆ ಹೊರಹೋಗುವ ಎಕ್ಸಾಸ್ಟ್, ಎರಡೂ ವಾಲ್ವ್ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಹೊರಗೆ ಓಡುವ ಹೊಗೆ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ತುದಿಯತ್ತ ಅಗಲವಾಗುವ ಮೆಗಾಫೋನ್ ಹೊಗೆ ಕೊಳವೆ ಇದ್ದರೆ ಈ ಎಳೆತ ಇನ್ನೂ ಜೋರು. ಆದರೆ ಎಂಜಿನ್ ಸುತ್ತುವ ವೇಗ ಇಳಿದಾಗ ಹೊಗೆಯೇ ವಾಪಸ್ ನುಗ್ಗಿ, ಎಂಜಿನ್ ಮುಗ್ಗರಿಸುತ್ತದೆ. ಸವಾರ ಕ್ಲಚ್ ಜಾರಿಸುತ್ತಾ ತಿರುವು ದಾಟಬೇಕಾಗುತ್ತದೆ. ಹಾಗಾಗಿ ಸಣ್ಣ, ತಿರುವಿನ ಟ್ರ್ಯಾಕಿಗೆ ನಾನು ಎರಡೂ ವಾಲ್ವನ್ನು ಅಷ್ಟು ಹೊತ್ತು ಒಟ್ಟಿಗೆ ತೆರೆದಿಡದ, ಸ್ವಲ್ಪ ಮೆತ್ತಗಿನ ಕ್ಯಾಮನ್ನೇ ಆರಿಸುತ್ತೇನೆ. ಪೇಪರಿನಲ್ಲಿ ಎರಡು ಅಶ್ವಶಕ್ತಿ ಕಡಿಮೆ ಕಂಡರೂ ಪರವಾಗಿಲ್ಲ.

ಏನೇ ಆರಿಸಿದರೂ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಪಿಸ್ಟನ್ ತಲೆಯ ಮೇಲೆ ಮಕ್ಕಳಾಡುವ ಬಣ್ಣದ ಜೇಡಿಮಣ್ಣು ಮೆತ್ತಿ. ಸಿಲಿಂಡರಿನ ಮುಚ್ಚಳವಾದ ಹೆಡ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಮತ್ತೆ ಬಿಚ್ಚಿ, ವಾಲ್ವ್ ಒತ್ತಿದ ಜಾಗದಲ್ಲಿ ಮಣ್ಣಿನ ದಪ್ಪ ಅಳೆಯಿರಿ. ಇನ್‌ಲೆಟ್ ಕಡೆ ಒಂದೂವರೆ ಮಿ.ಮೀ. ಆದರೂ ಇರಲಿ. ಎಕ್ಸಾಸ್ಟ್ ಕಡೆ ಎರಡು ಬೇಕು. ಆ ವಾಲ್ವ್ ಕಾದು ಉದ್ದವಾಗುತ್ತದೆ, ಪಿಸ್ಟನ್ ಬೇರೆ ಅದರ ಬೆನ್ನಟ್ಟಿಕೊಂಡೇ ಮೇಲೆ ಬರುತ್ತದೆ.